ಮುಂಗಡದ ಹೆಸರಿನ ಜೀತ

1976ರ ಜೀತ ಕಾರ್ಮಿಕ ಪದ್ಧತಿ ರದ್ದತಿ ಅಧಿನಿಯಮದಿಂದ ಜೀತವು ನಿಷೇಧಗೊಂಡಿದ್ದರೂ ಇಟ್ಟಿಗೆ ಭಟ್ಟಿ, ಕಲ್ಲುಗಣಿಗಳಲ್ಲಿ ಅದು ಮುಂಗಡವೆಂಬ ಹೆಸರಿನಲ್ಲಿ ಉಳಿದಿದೆ. ಸಂಕೋಲೆ ಕಾಣದು, ಲೆಕ್ಕದ ಪುಸ್ತಕ ಕಾಣುತ್ತದೆ. ಅಂತಹ ಸಾಲವನ್ನು ತೀರಿಸುವ ಹೊಣೆ ಕಾರ್ಮಿಕನಿಗಿಲ್ಲವೆಂದು 6ನೇ ಪ್ರಕರಣ ಹೇಳುತ್ತದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ ತೀರ್ಪಿತ್ತಿದೆ.

ಗ್ರಾಮ ಪಂಚಾಯಿತಿಯು ಇದಕ್ಕೆ ಹೊರತಲ್ಲ. ಅಂಗನವಾಡಿ ಕಟ್ಟಡಕ್ಕೆ ಗುತ್ತಿಗೆದಾರರು ತರಿಸುವ ಇಟ್ಟಿಗೆ ಯಾವ ಭಟ್ಟಿಯದು, ಅಲ್ಲಿಯ ಕಾರ್ಮಿಕರು ಸಂತೆಗೆ ಇಚ್ಛೆಯಂತೆ ಹೋಗಿಬರಬಲ್ಲರೇ ಎಂಬುದನ್ನು ಬಿಲ್ಲು ಪಾವತಿಗೆ ಮೊದಲೇ ಸದಸ್ಯರು ವಿಚಾರಿಸಬೇಕು. ಮಾಲೀಕರ ಎದುರು ಕೇಳಿದರೆ ಬರುವ ಉತ್ತರ ಒಂದೇ. ಆದುದರಿಂದ ಪ್ರತ್ಯೇಕವಾಗಿ ಕೇಳತಕ್ಕದ್ದು. ಸಂಶಯವಿದ್ದಲ್ಲಿ ರಾಜಿ ಮಾಡಿಸದೆ ಉಪವಿಭಾಗಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಬಿಡುಗಡೆ ಪತ್ರವಿಲ್ಲದೆ ಊರಿಗೆ ಮರಳಿದ ಕುಟುಂಬಕ್ಕೆ ಪುನರ್ವಸತಿ ನೆರವು ದೊರೆಯುವುದು ಕಷ್ಟ. ಅದು ಮುಂದಿನ ಹಂಗಾಮಿಗೆ ಮತ್ತೊಂದು ಮುಂಗಡಕ್ಕೆ ಕೈಯೊಡ್ಡುವ ಸಂಭವವೇ ಹೆಚ್ಚು.