ಡ್ರೈವರ್ ಸಂಬಳದ ಲೆಕ್ಕ: ಸಣ್ಣ ಲಾರಿ ಮಾಲೀಕರಿಗೆ ಕೆಲವು ಪಾಠಗಳು

ದಾವಣಗೆರೆಯಿಂದ ಮೆಕ್ಕೆಜೋಳ, ಅಕ್ಕಿ, ಸೀಸನ್ನಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ಹೇರಿಕೊಂಡು ಯಶವಂತಪುರ, ಮಂಗಳೂರು, ವಾಶಿಗೆ ಓಡುವ ಲಾರಿಗಳು ನನ್ನವು. ನಮ್ಮಂಥ ಸಣ್ಣ ಮಾಲೀಕರು ನಾಲ್ಕು ಜನ ಸೇರಿದರೆ ಡೀಸೆಲ್, ಟೋಲು, ಟೈರಿನ ಮಾತೇ. ಡ್ರೈವರ್ ವಿಷಯ ಬಂದರೆ 'ಒಳ್ಳೆಯವರು ಸಿಗೋದಿಲ್ಲ ಬಿಡ್ರಿ' ಎಂದು ಮಾತು ಮುಗಿಯುತ್ತದೆ. ಸಿಗುತ್ತಾರೆ, ಉಳಿಯುತ್ತಾರೆ ಕೂಡ. ನಾವು ಯಾವ ಲೆಕ್ಕದಲ್ಲಿ ದುಡ್ಡು ಕೊಡುತ್ತೇವೆ, ಕಾಗದದಲ್ಲಿ ಅವರನ್ನು ಏನೆಂದು ಬರೆದಿಡುತ್ತೇವೆ ಎಂಬುದರ ಮೇಲೆ ಅದು ನಿಂತಿದೆ.

1. ಗ್ಯಾರೇಜಿನಲ್ಲಿ ವಿಚಾರಿಸಿ

ಟ್ರಾನ್ಸ್‌ಪೋರ್ಟ್ ಆಫೀಸಿನ ಮುಂದೆ ಕೆಲಸಕ್ಕೆ ಕಾದು ನಿಂತವರಲ್ಲಿ ಒಬ್ಬನನ್ನು ಹತ್ತಿಸಿ ಕಳಿಸುವ ಪದ್ಧತಿ ನಮ್ಮಲ್ಲಿದೆ. ನಾನು ಮೊದಲು ಕೇಳುವುದು ಮೆಕ್ಯಾನಿಕ್‌ನನ್ನು, ಟೈರ್ ಅಂಗಡಿಯವನನ್ನು. ಯಾರ ಗಾಡಿಯ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ, ಯಾರು ಗಾಳಿ ನೋಡಿಸದೆ ಹೊರಡುವುದಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ. ಆಮೇಲೆ ಹಳೆಯ ಮಾಲೀಕರಿಗೆ ಫೋನ್. ಯಾಕೆ ಬಿಟ್ಟ ಎಂದು ಅವರನ್ನು ಕೇಳುತ್ತೇನೆ, ಅದೇ ಪ್ರಶ್ನೆಯನ್ನು ಅವನಿಗೂ ಹಾಕುತ್ತೇನೆ. ಸಂಬಳ ಬಾಕಿ ಉಳಿಸಿಕೊಂಡ ಮಾಲೀಕ ತನ್ನ ಡ್ರೈವರ್ ಬಗ್ಗೆ ಒಳ್ಳೆಯದು ಹೇಳುವುದು ಕಡಿಮೆ. ಹಾಗಾಗಿ ಒಂದೇ ಬಾಯಿ ನಂಬುವುದಿಲ್ಲ.

ಖಾಲಿ ಗಾಡಿ ಓಡಿಸಿ ನೋಡಿದರೆ ಏನೂ ತಿಳಿಯದು. ತುಂಬಿದ ಗಾಡಿಯಲ್ಲಿ ಜೊತೆಗೆ ಕೂತು ಶಿರಾಡಿ ಘಾಟಿ ಇಳಿಯಬೇಕು. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸುತ್ತಾನೋ, ಬರೀ ಬ್ರೇಕ್ ಮೇಲೆ ಹೋಗುತ್ತಾನೋ ಎಂದು ನೋಡಿದರೆ ಸಾಕು.

2. ಲೈಸೆನ್ಸನ್ನು ಪೋರ್ಟಲ್‌ನಲ್ಲಿ ನೋಡಿ

ಕಾರ್ಡಿನ ಜೆರಾಕ್ಸ್ ಇಟ್ಟುಕೊಂಡರೆ ಸಾಲದು. ಪರಿವಾಹನ್ ಸಾರಥಿ ಪೋರ್ಟಲ್‌ನಲ್ಲಿ ನಂಬರ್ ಹಾಕಿ ವರ್ಗ, ಅವಧಿ ಎರಡನ್ನೂ ನೋಡಬೇಕು. ಸಾರಿಗೆ ವಾಹನದ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. 7,500 ಕಿಲೋ ಒಳಗಿನ ಗಾಡಿಗೆ ಎಲ್‌ಎಂವಿ ಲೈಸೆನ್ಸೇ ಸಾಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿತು. ಅದನ್ನೇ ಹಿಡಿದುಕೊಂಡು ಹತ್ತು ಚಕ್ರದ ಲಾರಿಯನ್ನು ಎಲ್‌ಎಂವಿಯವನ ಕೈಗೆ ಕೊಟ್ಟರೆ, ಅಪಘಾತವಾದಾಗ ವಿಮಾ ಕಂಪನಿ ಪರಿಹಾರ ಕಟ್ಟಿ ಆ ಮೊತ್ತವನ್ನು ನಮ್ಮಿಂದ ವಸೂಲು ಮಾಡಬಹುದು. ಲಾರಿ ಮಾರಿದರೂ ಆ ಸಾಲ ತೀರದು.

3. ಯಾವುದಕ್ಕೆ ದುಡ್ಡು ಕೊಡುತ್ತೀರೋ ಅದೇ ನಡೆಯುತ್ತದೆ

ಈ ವಿಷಯವನ್ನು ತುಸು ಬಿಡಿಸಿ ಹೇಳಬೇಕು. ನಮ್ಮಲ್ಲಿ ಮೂರು ಪದ್ಧತಿಗಳಿವೆ: ತಿಂಗಳ ಸಂಬಳದ ಜೊತೆ ಬಾಟಾ, ಬಾಡಿಗೆಯಲ್ಲಿ ಪರ್ಸೆಂಟೇಜ್, ಮತ್ತು ಟ್ರಿಪ್ ಗುತ್ತಿಗೆ.

ಪರ್ಸೆಂಟೇಜ್ ಮಾಲೀಕನಿಗೆ ಸುಲಭ, ದುಡಿದರೆ ತಾನೇ ಕೊಡುವುದು. ಆದರೆ ಟನ್ನಿಗೆ 1,500 ರೂಪಾಯಿ ಬಾಡಿಗೆ ಇದೆ ಎಂದುಕೊಳ್ಳಿ. ಎರಡು ಟನ್ ಹೆಚ್ಚು ಹೇರಿದರೆ 3,000 ಹೆಚ್ಚು ಬರುತ್ತದೆ, ಶೇಕಡಾ 10ರ ಲೆಕ್ಕದಲ್ಲಿ ಡ್ರೈವರ್‌ಗೆ 300. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಓವರ್‌ಲೋಡ್‌ಗೆ ಕಾಯ್ದೆಯಲ್ಲಿರುವ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಒಟ್ಟು 24,000. ಮುನ್ನೂರರ ಆಸೆಯನ್ನು ಡ್ರೈವರ್‌ಗೆ ಹಚ್ಚಿದವರು ನಾವೇ.

ಟ್ರಿಪ್ ಗುತ್ತಿಗೆ ಇನ್ನೂ ಅಪಾಯ. ಡೀಸೆಲ್, ಟೋಲು, ಊಟ ಎಲ್ಲ ಸೇರಿಸಿ ಇಷ್ಟೆಂದು ಕೊಟ್ಟು, ಉಳಿದದ್ದು ನಿನ್ನದು ಎನ್ನುವುದು. ಅವನು ಉಳಿಸುವುದು ಎಲ್ಲಿಂದ? ಟೋಲ್ ತಪ್ಪಿಸುವ ಹಳ್ಳಿ ರಸ್ತೆಯಿಂದ, ಊಟದಿಂದ, ನಿದ್ದೆಯಿಂದ. ಎರಡು ದಿನದ ದಾರಿಯನ್ನು ಒಂದೇ ದಿನದಲ್ಲಿ ಮುಗಿಸಿದರೆ ತಿಂಗಳಿಗೆ ಇನ್ನೊಂದೆರಡು ಟ್ರಿಪ್ ಸಿಗುತ್ತದೆಂಬ ಲೆಕ್ಕ ಅವನ ತಲೆಯಲ್ಲಿ ಓಡುತ್ತಿರುತ್ತದೆ.

ಹಾಗಾಗಿ ನನ್ನದು ಸಂಬಳ ಮತ್ತು ಬಾಟಾ. ಬಾಟಾ ಟ್ರಿಪ್ಪಿಗಲ್ಲ, ದಿನಕ್ಕೆ. ವಾಶಿ ಮಾರ್ಕೆಟ್ಟಿನಲ್ಲಿ ಮಾಲು ಇಳಿಸಲು ಗಾಡಿ ಎರಡು ದಿನ ನಿಂತರೂ, ರಿಟರ್ನ್ ಲೋಡ್ ಸಿಗದೆ ಕಾದರೂ ಆ ದಿನದ ಬಾಟಾ ಅವನಿಗೆ ಹೋಗುತ್ತದೆ. ಪಾರ್ಟಿಯಿಂದ ಹಾಲ್ಟಿಂಗ್ ವಸೂಲಾಗಲಿ ಬಿಡಲಿ, ಅದು ನನ್ನ ತಲೆನೋವು. ಮೈಲೇಜಿಗೆ ಸಣ್ಣ ಬೋನಸ್ ಕೊಡುವುದು ಒಳ್ಳೆಯದೇ. ಆದರೆ ಟ್ಯಾಂಕ್ ಪೂರ್ತಿ ತುಂಬಿಸಿ ಅಳೆಯಬೇಕು, ಲೋಡಿನ ತೂಕ ಮತ್ತು ಘಾಟಿಯ ದಾರಿ ನೋಡಿ ಲೆಕ್ಕ ಹಾಕಬೇಕು. ಸಮತಟ್ಟಿನ ಸಿರಾ ರಸ್ತೆಯ ಮೈಲೇಜನ್ನು ಮಂಗಳೂರು ದಾರಿಯಲ್ಲಿ ಕೇಳುವುದು ನ್ಯಾಯವಲ್ಲ.

4. ಅಡ್ವಾನ್ಸ್ ಬೇಡಿಯಾಗಬಾರದು

ಯುಗಾದಿಗೆ, ಊರ ಜಾತ್ರೆಗೆ, ಜೂನ್‌ನಲ್ಲಿ ಮಕ್ಕಳ ಫೀಸಿಗೆ ಡ್ರೈವರ್ ಅಡ್ವಾನ್ಸ್ ಕೇಳಿಯೇ ಕೇಳುತ್ತಾನೆ. ಕೊಡಿ. ಪುಸ್ತಕದಲ್ಲಿ ಬರೆದು ಅವನ ಸಹಿ ಹಾಕಿಸಿ, ಸಣ್ಣ ಕಂತಿನಲ್ಲಿ ಹಿಡಿಯಿರಿ. 'ಅಡ್ವಾನ್ಸ್ ತೀರೋತನಕ ಬೇರೆ ಗಾಡಿ ಹತ್ತಂಗಿಲ್ಲ' ಎಂದು ಲೈಸೆನ್ಸ್, ಆಧಾರ್ ಕಿತ್ತಿಟ್ಟುಕೊಳ್ಳುವವರನ್ನು ನೋಡಿದ್ದೇನೆ. ಸಾಲ ತೋರಿಸಿ ಆಳನ್ನು ಕಟ್ಟಿಹಾಕುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. ಲಾರಿಗೆ ಅದು ಅನ್ವಯಿಸುವುದಿಲ್ಲ ಎಂದು ಯಾರೂ ತಿಳಿಯಬಾರದು.

5. ದಂಡ ಯಾರದು?

ವೇಗದ ದಂಡ, ಸಿಗ್ನಲ್ ದಂಡ ಓಡಿಸಿದವನದು. ಓವರ್‌ಲೋಡ್, ಎಫ್‌ಸಿ, ವಿಮೆ, ಪರ್ಮಿಟ್ ನಮ್ಮದು. ಟೈರ್ ಪಂಚರ್ ಎಂದೂ ಡ್ರೈವರ್‌ನದಲ್ಲ.

6. ಹೆಸರು ಏನಿಟ್ಟರೂ ಅವನು ನಮ್ಮ ನೌಕರ

ಖಾಯಂ ಡ್ರೈವರ್, ಆಕ್ಟಿಂಗ್ ಡ್ರೈವರ್, ಟ್ರಿಪ್ ಡ್ರೈವರ್, ಪಾರ್ಟ್ನರ್ ಎಂದೆಲ್ಲ ಕರೆಯುತ್ತೇವೆ. ಆರ್‌ಸಿ ನಮ್ಮ ಹೆಸರಲ್ಲಿದ್ದು, ಎಲ್ಲಿಗೆ ಹೋಗಬೇಕು, ಏನು ಹೇರಬೇಕು ಎಂದು ನಾವೇ ಹೇಳುತ್ತಿರುವಾಗ, ಅಪಘಾತದ ದಿನ ಆ ಹೆಸರುಗಳು ಉಪಯೋಗಕ್ಕೆ ಬರುವುದಿಲ್ಲ. ಗಾಡಿಯನ್ನು ಲೀಸಿಗೆ ಕೊಟ್ಟಿದ್ದೆ ಎಂದರೂ ಕೋರ್ಟು ಮೊದಲು ಹುಡುಕುವುದು ನೋಂದಾಯಿತ ಮಾಲೀಕನನ್ನು. ನಿಜವಾಗಿ ಪಾರ್ಟ್ನರ್ ಮಾಡಬೇಕೆಂದರೆ ಆರ್‌ಸಿಯಲ್ಲಿ, ಬ್ಯಾಂಕ್ ಸಾಲದಲ್ಲಿ, ಲಾಭದಲ್ಲಿ ಅವನ ಹೆಸರು ಬರಲಿ.

ಡ್ರೈವರ್ ಕೆಲಸದಲ್ಲಿ ಸತ್ತರೆ ಪರಿಹಾರದ ಲೆಕ್ಕ 1923ರ ನೌಕರರ ಪರಿಹಾರ ಕಾಯ್ದೆಯಿಂದ ಬಂದದ್ದು. ತಿಂಗಳ ಸಂಬಳದ ಅರ್ಧವನ್ನು ವಯಸ್ಸಿನ ಗುಣಕದಿಂದ ಗುಣಿಸುತ್ತಾರೆ. 2020ರಲ್ಲಿ ನಿಗದಿಯಾದ 15,000 ರೂಪಾಯಿಯ ಸಂಬಳದ ಮಿತಿ ಹಿಡಿದರೂ 30 ವರ್ಷದವನಿಗೆ 15 ಲಕ್ಷ ದಾಟುತ್ತದೆ. ಪಾಲಿಸಿಯಲ್ಲಿ ಕಾಣುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಓನರ್-ಡ್ರೈವರ್‌ಗೆ, ಅಂದರೆ ಮಾಲೀಕನಿಗೆ. ಸಂಬಳದ ಡ್ರೈವರ್‌ನ ಹೊಣೆಗೆ ಬೇರೆ ಸಾಲು ಇರಬೇಕು, ಕ್ಲೀನರ್‌ಗೂ ಇದೆಯೇ ನೋಡಬೇಕು. ಅದರ ಪ್ರೀಮಿಯಂ ಒಂದು ಊಟದ ಖರ್ಚಿನಷ್ಟು. ಏಜೆಂಟನ ಮುಂದೆ ಕೂತು ಆ ಸಾಲಿನ ಮೇಲೆ ಬೆರಳಿಟ್ಟು ಓದಿಸಿಕೊಳ್ಳಿ.

ಇನ್ನೊಂದು ಮಾತು. ಹತ್ತು ಲಾರಿಯವರೆಗೆ ಇರುವವರಿಗೆ ಅಂದಾಜು ಆದಾಯದ ಮೇಲೆ ತೆರಿಗೆ ಕಟ್ಟುವ ಅನುಕೂಲವಿದೆ. ಅದರಿಂದಾಗಿ ನಮ್ಮಲ್ಲಿ ಬಹಳ ಜನ ಲೆಕ್ಕದ ಪುಸ್ತಕವನ್ನೇ ಇಡುವುದಿಲ್ಲ. ತೆರಿಗೆಗೆ ಬೇಡವಾದ ಆ ಪುಸ್ತಕವೇ ಡ್ರೈವರ್‌ನ ಹೆಂಡತಿಗೆ ಮುಂದೆ ದಾಖಲೆ. ಸಂಬಳ ಬ್ಯಾಂಕಿಗೆ ಹಾಕಿ, ಕೆಲಸಕ್ಕೆ ಸೇರಿದ ದಿನ, ಸಂಬಳ, ಬಾಟಾ ಬರೆದ ಒಂದು ಹಾಳೆ ಕೊಟ್ಟರೆ ಎಷ್ಟು ದುಡಿಯುತ್ತಿದ್ದ ಎಂದು ಆಕೆ ಕೋರ್ಟಿನಲ್ಲಿ ಸಾಕ್ಷಿ ಹುಡುಕಬೇಕಾಗಿಲ್ಲ.

7. ಗಂಟೆಗಳ ಲೆಕ್ಕ

ಒಂದೇ ಲಾರಿ ಇದ್ದವನಿಗೆ ಕಾರ್ಮಿಕ ಕಾಯ್ದೆ ಇಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆಂದು ಬಂದದ್ದು ನಿಜ. ಆದರೆ ಅದರ ದುಡಿಮೆಯ ಗಂಟೆಗಳನ್ನು ಮೋಟಾರು ವಾಹನ ಕಾಯ್ದೆಯ 91ನೇ ಕಲಮು ಸಾರಿಗೆ ವಾಹನ ಓಡಿಸುವ ಎಲ್ಲರಿಗೂ ಹಚ್ಚಿತು: ದಿನಕ್ಕೆ ಎಂಟು ಗಂಟೆ, ಅನುಮತಿ ಪಡೆದ ದೂರದ ದಾರಿಯಲ್ಲೂ ಹತ್ತನ್ನು ಮೀರುವಂತಿಲ್ಲ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿರಾಮ. ವಾಶಿ ಸುಮಾರು 700 ಕಿಲೋಮೀಟರ್. ಒಬ್ಬನೇ ಡ್ರೈವರ್ ಇದನ್ನು ಒಂದೇ ಓಟಕ್ಕೆ ಮುಗಿಸಿದ ಎಂದು ಮಾಲೀಕ ಹೆಮ್ಮೆಯಿಂದ ಹೇಳಿದರೆ ನನಗೆ ಹೊಟ್ಟೆ ಕಿವುಚುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯವಾಗಿದೆ, ಬಹಳ ಒಳ್ಳೆಯದು. ತಂಪು ಕ್ಯಾಬಿನ್ನಿನಲ್ಲಿ ಕೂತವನಿಗೂ ನಿದ್ದೆ ಬೇಕು.

ಲೋಡ್ ಒಪ್ಪಿಕೊಳ್ಳುವಾಗಲೇ ಬ್ರೋಕರ್‌ಗೆ ತಲುಪುವ ಹೊತ್ತನ್ನು ನಿದ್ದೆಯ ಗಂಟೆ ಸೇರಿಸಿ ಹೇಳುತ್ತೇನೆ. ನಾಳೆ ಬೆಳಗ್ಗೆಯೇ ಬೇಕು ಎಂದರೆ ಇಬ್ಬರು ಡ್ರೈವರ್‌ಗಳ ಬಾಟಾ ಸೇರಿಸಿ ಬಾಡಿಗೆ ಕೇಳುತ್ತೇನೆ. ಒಪ್ಪದವರ ಲೋಡು ಬೇರೆ ಗಾಡಿಗೆ ಹೋಗುತ್ತದೆ, ಹೋಗಲಿ.