ಹೂಮಳೆಗೆ ಮುಂಚಿನ ತೋಟ

“ನನ್ನ ಗಂಡನದ್ದೇನೂ ತಪ್ಪಿಲ್ಲ ಅಜ್ಜೀ, ಸುಮ್ಮನೆ ಬೋರು” ಅಂತ ಮೊನ್ನೆ ಫೋನಿನಲ್ಲಿ ಅಂದೆಯಲ್ಲ ಪುಟ್ಟಿ, ಅದನ್ನೇ ಮೆಲುಕು ಹಾಕುತ್ತಾ ತೋಟ ಸುತ್ತಿ ಬಂದೆ. ಮೀನಂಗಡಿಯಲ್ಲಿ ಈಗ ಬಿಸಿಲು. ರೋಬಸ್ಟಾ ಕಾಫಿಯ ಎಲೆಗಳು ಜೋತುಬಿದ್ದಿವೆ. ಗುಂಡ್ಲುಪೇಟೆಯಿಂದ ಮದುವೆಯಾಗಿ ಬಂದ ಮೊದಲ ವರ್ಷ ಇದನ್ನು ಕಂಡು ತೋಟವೇ ಸತ್ತಿತೆಂದು ಅತ್ತಿದ್ದೆ. ಅತ್ತೆ ನಕ್ಕು, ಎಲೆಯ ಬುಡದಲ್ಲಿ ಮಲಗಿದ್ದ ಮೊಗ್ಗು ತೋರಿಸಿದರು. ಕಾಫಿ ಮೊಗ್ಗಿಗೆ ಒಂದಷ್ಟು ದಿನ ಬಾಯಾರಿಕೆ ಬೇಕು, ಇಲ್ಲದಿದ್ದರೆ ಒಟ್ಟಿಗೆ ಅರಳದು. ಫೆಬ್ರವರಿ–ಮಾರ್ಚಿನಲ್ಲಿ ಹದವಾಗಿ ಹೂಮಳೆ ಬಿದ್ದರೆ ವಾರ, ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಆ ಹೂವಿನ ಆಯುಷ್ಯ ಎರಡು ಮೂರು ದಿನ. ನಿಮ್ಮ ಸಿನಿಮಾದವರು ತೋರಿಸುವುದು ಆ ಮೂರು ದಿನವನ್ನು. ಕಾಯಿ ಹಣ್ಣಾಗಲು ಬೇಕಾದ ಹತ್ತು ತಿಂಗಳಿಗೆ ಯಾರೂ ಟಿಕೆಟ್ ಕೊಳ್ಳುವುದಿಲ್ಲ.

ಹಾಗಂತ ಆಕಾಶ ನೋಡುತ್ತಾ ಕೂರು ಎನ್ನಲಾರೆ. ಮಳೆ ಕೈಕೊಟ್ಟರೆ ನಾವೂ ಕೆರೆಗೆ ಪಂಪು ಇಳಿಸಿ ಸ್ಪ್ರಿಂಕ್ಲರ್ ಹಾಕುತ್ತೇವೆ.

ನಮಗೂ ಬೇಸರ ಹಿಡಿದಿತ್ತು. ನಿಮ್ಮಜ್ಜ ಊಟಕ್ಕೆ ಕೂತರೆ ಮೊದಲ ಮಾತು ಕರಿಮೆಣಸಿನ ರೇಟು, ಎರಡನೆಯದು ಉಪ್ಪು ಕಮ್ಮಿ. ಮೂರನೆಯದು ಇರುತ್ತಿರಲಿಲ್ಲ. ಆಮೇಲೆ ಇಲ್ಲಿಯ ಎಷ್ಟೋ ಜನರಂತೆ ಅವರೂ ಗುಂಡ್ಲುಪೇಟೆ ಕಡೆ ಗೇಣಿಗೆ ಜಮೀನು ಹಿಡಿದು ಶುಂಠಿ ಹಾಕಿದರು. ವಾರಕ್ಕೊಮ್ಮೆ ಮನೆಗೆ, ಕೆಲವೊಮ್ಮೆ ನಡುರಾತ್ರಿ ಲಾರಿಯಲ್ಲಿ. (ದಾರಿಯ ಬಂಡೀಪುರ ಕಾಡಿನಲ್ಲಿ ರಾತ್ರಿ ಸಂಚಾರ ನಿಂತದ್ದು 2009ರಲ್ಲಿ, ನಮ್ಮ ಆ ಕಾಲದಲ್ಲಿ ಈ ಕಾಟವಿರಲಿಲ್ಲ.) ಒಂದು ದಿನ ಹೇಳದೆ ಕೇಳದೆ ಬಸ್ಸು ಹತ್ತಿ ಹೊಲಕ್ಕೆ ಹೋದೆ. ದೂರದಲ್ಲಿ ಒಬ್ಬ ಗಂಡಸು ಮೊಣಕಾಲವರೆಗೆ ಮಣ್ಣು ಮೆತ್ತಿಕೊಂಡು, ವ್ಯಾಪಾರಿಯೊಡನೆ ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ ಚೌಕಾಸಿ ಮಾಡುತ್ತಾ ಗಹಗಹಿಸಿ ನಗುತ್ತಿದ್ದ. ಯಾರಪ್ಪಾ ಇವನು ಅನ್ನಿಸಿತು. ನಾಚಿಕೆಯಾಯಿತು ಕೂಡ, ಎರಡು ಮಕ್ಕಳ ತಾಯಿಗೆ!

ರೋಬಸ್ಟಾಕ್ಕೆ ತನ್ನದೇ ಪರಾಗ ಹಿಡಿಯದು, ಗಾಳಿಯೋ ಜೇನೋ ಬೇರೆ ಗಿಡದ್ದನ್ನು ತರಬೇಕು. ನೀವಿಬ್ಬರೂ ಬೆಂಗಳೂರಿನ ಒಂದೇ ಫ್ಲ್ಯಾಟಿನಲ್ಲಿ, ಒಂದೇ ಮೇಜಿನ ಎರಡು ತುದಿಗೆ ಕೂತು ದುಡಿಯುತ್ತೀರಿ, ಒಂದೇ ಮೊಬೈಲ್ ನೋಡಿ ಮಲಗುತ್ತೀರಿ. ಹೊಸ ಮಾತು ಎಲ್ಲಿಂದ ಬರಬೇಕು? ನೀನು ಬಿಟ್ಟ ವೀಣೆ ಕ್ಲಾಸಿಗೆ ಮತ್ತೆ ಹೋಗು. ಅವನು ತನ್ನ ಗೆಳೆಯರ ಜತೆ ಬೆಟ್ಟ ಹತ್ತಲಿ, ದಿನಕ್ಕೆ ಹತ್ತು ಸಲ ಫೋನ್ ಮಾಡಬೇಡ.

ಒಟ್ಟಿಗೆ ಏನಾದರೂ ಮಾಡುವುದಿದ್ದರೆ ಇಬ್ಬರಿಗೂ ಬಾರದ್ದನ್ನು ಮಾಡಿ. ಅಮೆರಿಕದ ಆರ್ಥರ್ ಆರನ್ ಎಂಬ ಮನಶ್ಶಾಸ್ತ್ರಜ್ಞರು ಸಂಗಡಿಗರೊಂದಿಗೆ 2000ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜೋಡಿಗಳ ಕೈಕಾಲು ಒಟ್ಟಿಗೆ ಕಟ್ಟಿ, ಕೈ ಮುಟ್ಟಿಸದೆ ದಿಂಬು ಹೊತ್ತು ತೆವಳಲು ಬಿಟ್ಟರಂತೆ. ಏಳೇ ನಿಮಿಷ. ಆಮೇಲೆ ಅವರಿಗೆ ತಮ್ಮ ಸಂಬಂಧ ಇನ್ನಷ್ಟು ಚೆನ್ನಾಗಿದೆ ಅನ್ನಿಸಿತಂತೆ. ನಿನ್ನ ತಮ್ಮ ಇದನ್ನು ಓದಿ ಹೇಳಿದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಬೇಸರ ಬೇರೆ, ತಾತ್ಸಾರ ಬೇರೆ. ಅವನು ನಾಲ್ವರೆದುರು ನಿನ್ನನ್ನು ಹೀಗಳೆದರೆ, ಕೈ ಎತ್ತಿದರೆ, ಅದಕ್ಕೆ ಈ ಮಾತೊಂದೂ ಸಲ್ಲದು. ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ನಾವು ಕಿತ್ತು ಸುಡುತ್ತೇವೆ.

ನಿನ್ನದು ಅದಲ್ಲ ಅಂದೆ, ನಂಬಿದ್ದೇನೆ. ಮಳೆ ಬಿದ್ದ ದಿನ ಫೋನ್ ಮಾಡುತ್ತೇನೆ, ಒಂಬತ್ತನೆಯ ದಿನಕ್ಕೆ ಇಬ್ಬರೂ ಬನ್ನಿ. ರಾತ್ರಿ 9ಕ್ಕೆ ಗೇಟು ಹಾಕುತ್ತಾರೆ, ಅಷ್ಟರೊಳಗೆ ಬಂಡೀಪುರ ದಾಟಿರಬೇಕು.