ದಮ್ಮು ಇರುವ ಸದಸ್ಯರಿಗೆ: ಕೂಡುವ ರೀತಿ, ಉಸಿರು ಬಿಡುವ ರೀತಿ

ಶ್ವಾಸಕೋಶದ ಬೇನೆ ತಗುಲಿದ ಎಮ್ಮೆ ಹೇಗೆ ನಿಲ್ಲುತ್ತದೆ ಎಂಬುದನ್ನು ನಮ್ಮ ಹಾಲು ಉತ್ಪಾದಕರಿಗೆ ಹೇಳಿಕೊಡಬೇಕಾಗಿಲ್ಲ. ಮಲಗಲು ಒಲ್ಲದು, ಕತ್ತು ಮುಂದಕ್ಕೆ ಚಾಚಿ, ಮುಂಗಾಲುಗಳನ್ನು ಎದೆಯಿಂದ ಹೊರಕ್ಕೆ ಅಗಲಿಸಿ ನಿಲ್ಲುತ್ತದೆ. ಉಸಿರಿಗೆ ಜಾಗ ಮಾಡಿಕೊಳ್ಳುವ ಉಪಾಯ ಅದು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಸಂಘಗಳಿಗೆ ಹೋದಾಗ, ಹಾಲಿನ ಕ್ಯಾನು ಇಳಿಸಿ ಎರಡೂ ಕೈ ಮೊಣಕಾಲಿಗೆ ಊರಿ ಬಾಗಿ ನಿಂತು ಏದುಸಿರು ಬಿಡುವ ಸದಸ್ಯರನ್ನು ಕಾಣುತ್ತೇನೆ. ಎಮ್ಮೆಗಾದರೆ ಕೂಡಲೇ ಡಾಕ್ಟರನ್ನು ಕರೆಯುವವರು ತಮಗಾದಾಗ "ವಯಸ್ಸಾಯ್ತು ಬಿಡ್ರಿ" ಎಂದು ಸುಮ್ಮನಾಗುತ್ತಾರೆ. ನಾನು ಪಶುವೈದ್ಯ, ಮನುಷ್ಯರಿಗೆ ಔಷಧಿ ಹೇಳುವುದು ನನ್ನ ಕೆಲಸವಲ್ಲ. ಆದರೆ ವೈದ್ಯರು ಇಂಥವರಿಗೆ ಕಲಿಸುವ ವ್ಯಾಯಾಮಗಳನ್ನು ಹಾಲಿನ ಕೆಲಸಕ್ಕೆ ಹೊಂದಿಸಿ ಹೇಳಬಹುದು.

ಬೀಡಿ ಸೇದುವವರಿಗೆ ಮಾತ್ರ ಈ ಬೇನೆ ಎಂಬುದು ತಪ್ಪು ತಿಳುವಳಿಕೆ. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಣ್ಣುಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಲೆಯ ಮುಂದೆ ದಿನಕ್ಕೆ ಕಳೆದ ತಾಸುಗಳನ್ನು ಅಡಿಗೆ ಮಾಡಿದ ವರ್ಷಗಳಿಂದ ಗುಣಿಸಿ ನೋಡಿತು. ಲೆಕ್ಕ 60ಕ್ಕೆ ಮುಟ್ಟಿದ ಮೇಲೆ ದೀರ್ಘಕಾಲದ ಕೆಮ್ಮು-ಕಫದ ಬೇನೆಯ ಅಪಾಯ ಎದ್ದು ಕಂಡಿತು. ದಿನಕ್ಕೆ 3 ತಾಸಿನಂತೆ 20 ವರ್ಷವಾದರೆ 60 ಆಯಿತು. ಗ್ಯಾಸ್ ಬಂದ ಮನೆಗಳಲ್ಲೂ ನೀರು ಕಾಯಿಸಲು ಕುಳ್ಳು, ತೊಗರಿ ಕಟ್ಟಿಗೆ ಉರಿಯುವುದುಂಟು. ತೊಗರಿ ರಾಶಿಯ ಧೂಳು, ಬೂಜು ಹಿಡಿದ ಕಣಿಕಿಯ ಧೂಳು ಬೇರೆ.

ಕೆಟ್ಟ ಶ್ವಾಸನಾಳಗಳು ಉಸಿರು ಬಿಡುವಾಗ ಬೇಗ ಮುಚ್ಚಿಕೊಂಡು ಹಳೆಯ ಗಾಳಿ ಒಳಗೇ ಉಳಿಯುತ್ತದೆ. ತುಂಬಿದ ತಿದಿ ಮತ್ತೆ ಗಾಳಿ ಎಳೆಯಲಾರದು. ಎದೆ-ಹೊಟ್ಟೆಗಳ ನಡುವೆ ಕಮಾನಿನಂತಿರುವ ವಪೆ ಎಂಬ ಸ್ನಾಯು ಚಪ್ಪಟೆಯಾಗಿ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ಮೊದಲು ಕಲಿಯಬೇಕಾದದ್ದು ಉಸಿರನ್ನು ಪೂರ್ತಿ ಬಿಡುವುದನ್ನು.

ದಮ್ಮು ಹತ್ತಿದಾಗ ಕಟ್ಟೆಯ ಮೇಲೆ ಕುಳಿತು ಸ್ವಲ್ಪ ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಗೆ ಊರಬೇಕು. ವಪೆ ಮೇಲಕ್ಕೇರಿ ಮತ್ತೆ ಕಮಾನಾಗುತ್ತದೆ. ತೋಳಿನ ಭಾರ ಇಳಿದು ಕತ್ತು-ಭುಜದ ಸ್ನಾಯುಗಳು ಉಸಿರಿಗೆ ನೆರವಾಗುತ್ತವೆ. ಮೂಗಿನಿಂದ ಎರಡು ಎಣಿಸುವಷ್ಟು ಉಸಿರೆಳೆದು, ಒಲೆ ಊದುವಾಗಿನಂತೆ ತುಟಿ ಕಿರಿದುಮಾಡಿ, ನಾಲ್ಕು ಎಣಿಸುವವರೆಗೆ ಮೆಲ್ಲಗೆ ಬಿಡಬೇಕು. ಬೂದಿ ಹಾರುವಂತೆ ಜೋರಾಗಿ ಊದಬಾರದು. ದೀಪದ ಕುಡಿ ಬಾಗಬೇಕು, ಆರಬಾರದು. ಆರಾಮಿದ್ದಾಗಲೇ ದಿನಕ್ಕೆರಡು ಸಲ ಐದೈದು ನಿಮಿಷ ರೂಢಿ ಮಾಡಿಕೊಂಡರೆ ಬೇಕಾದ ಹೊತ್ತಿಗೆ ಬರುತ್ತದೆ.

ಜೇವರ್ಗಿ ತಾಲೂಕಿನ ತಾಯಿಯೊಬ್ಬರು ಹಿಂಡಲು ದಮ್ಮು ಸಾಲದೆಂದು ಇದ್ದ ಎರಡೂ ಎಮ್ಮೆ ಮಾರಲು ಹೊರಟಿದ್ದರು. ಅವರು ಹಿಂಡುವುದನ್ನು ನಿಂತು ನೋಡಿದೆ. ಕುಕ್ಕರಗಾಲಿನಲ್ಲಿ ಕುಳಿತಾಗ ತೊಡೆ ಹೊಟ್ಟೆಗೆ ಒತ್ತಿ ವಪೆ ಕೆಳಗಿಳಿಯಲು ಜಾಗವೇ ಇರಲಿಲ್ಲ. ಹಿಂಡುವಾಗ ಉಸಿರನ್ನೂ ಬಿಗಿಹಿಡಿಯುತ್ತಿದ್ದರು. ಗೇಣೆತ್ತರದ ಮಣೆ ಹಾಕಿಸಿದೆವು. ಎಮ್ಮೆ ಹಾಲು ಇಳಿಸಿದ ಮೇಲೆ ಐದಾರು ನಿಮಿಷದಲ್ಲಿ ಹಿಂಡಿ ಮುಗಿಸಬೇಕಾದ್ದರಿಂದ ನಡುವೆ ನಿಲ್ಲಿಸಿದರೆ ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಹಾಗಾಗಿ ವಿಶ್ರಾಂತಿಯನ್ನು ಕೆಚ್ಚಲು ತೊಳೆಯುವ ಮೊದಲೇ ತೆಗೆದುಕೊಳ್ಳಬೇಕು. ಕ್ಯಾನು ಎತ್ತುವಾಗ ಉಸಿರು ಬಿಡುತ್ತ ಎತ್ತಬೇಕು. ಅವರು ಒಂದು ಎಮ್ಮೆ ಮಾರಿದರು, ಒಂದನ್ನು ಉಳಿಸಿಕೊಂಡರು. ಕ್ಯಾನನ್ನು ಈಗ ಮಗ ತರುತ್ತಾನೆ.

ಉಸಿರೆಳೆಯುವ ಸ್ನಾಯುಗಳನ್ನು ಬಲಪಡಿಸಲು ಬಾಯಲ್ಲಿಟ್ಟು ಎಳೆಯುವ ಸಣ್ಣ ಸಾಧನವೂ ಇದೆ. ಸ್ನಾಯು ಬಲಗುಂದಿದವರಿಗೆ ಅದು ಉಪಯೋಗವಾಗಬಹುದು, ಆದರೆ ವೈದ್ಯರು ಅಳತೆ ನೋಡಿ ಹೇಳದೆ ಕೊಳ್ಳಬೇಡಿರಿ. ದಿನಾಲು ನಡೆಯುವುದಕ್ಕೆ ಖರ್ಚಿಲ್ಲ, ಗುಣವೂ ಹೆಚ್ಚು: ದಮ್ಮು ಹತ್ತಿದಲ್ಲಿ ನಿಂತು, ಸುಧಾರಿಸಿಕೊಂಡು, ಮತ್ತೆ ನಡೆಯಬೇಕು. ಹೊಟ್ಟೆ ಉಬ್ಬಿಸಿ ಉಸಿರೆಳೆಯುವ ವ್ಯಾಯಾಮ ಬೇನೆ ಬಲಿತ ಕೆಲವರಿಗೆ ದಮ್ಮು ಹೆಚ್ಚಿಸುತ್ತದೆ, ಹಾಗಾದರೆ ಬಿಟ್ಟುಬಿಡಿರಿ.

ಇದರಿಂದ ಕೆಟ್ಟ ಶ್ವಾಸಕೋಶ ಸರಿಹೋಗುವುದಿಲ್ಲ. ವೈದ್ಯರು ಕೊಟ್ಟ ಇನ್‌ಹೇಲರ್ ನಿಲ್ಲಿಸಬಾರದು. ಎರಡು ವಾರ ಮೀರಿದ ಕೆಮ್ಮಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಬೇಕು, ಕ್ಷಯವೂ ಇರಬಹುದು. ತುಟಿ ನೀಲಿಯಾದರೆ, ಕಾಲು ಬಾತರೆ, ಕಫದಲ್ಲಿ ರಕ್ತ ಕಂಡರೆ, ಕುಳಿತಲ್ಲೇ ಮಾತು ಪೂರ್ತಿ ಆಡಲಾಗದಿದ್ದರೆ ಅಂದಿನ ಹಾಲು ಯಾರಾದರೂ ಹಿಂಡಲಿ, ನೀವು ಆಸ್ಪತ್ರೆಗೆ ಹೊರಡಿರಿ.